ಇನ್ನೆಷ್ಟು ವರ್ಷ ಇರುತ್ತೆ ಇದು?

ಸಾಯಂಕಾಲ ಐದೂವರೆಗೆ ನಮ್ಮ ನಾಯಿ ಕೆಂಪಿಯನ್ನು ಕರೆದುಕೊಂಡು ಹೊರಟರೆ, ನಮ್ಮ ಬೀದಿ ದಾಟುವಷ್ಟರಲ್ಲಿ ಒಬ್ಬರಾದರೂ ಕೇಳುತ್ತಾರೆ. "ಏನಮ್ಮಾ, ವಯಸ್ಸಾಯ್ತಲ್ಲ ಇದಕ್ಕೆ. ಇನ್ನೆಷ್ಟು ವರ್ಷ ಇರುತ್ತೆ?" ಹಾಲಿನ ಬೂತಿನವರು ಕೇಳುತ್ತಾರೆ. ಮೂಲೆಯಲ್ಲಿ ಹೂ ಕಟ್ಟುವ ಅಕ್ಕ ಕೇಳುತ್ತಾರೆ. ಹೋದ ತಿಂಗಳು ಮದುವೆಗೆ ಕರೆಯಲು ಬಂದವರು ಪತ್ರಿಕೆ ಕೈಗೆ ಕೊಟ್ಟ ಮೇಲೆ ಕೇಳಿದ ಮೊದಲ ಮಾತೇ ಇದು. ಯಾರೂ ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ. ಆದರೂ ಪ್ರತಿ ಸಲ ಎದೆ ಒಂದು ಕ್ಷಣ ಝಲ್ ಅನ್ನುತ್ತದೆ. ನಿಂತು ಪೂರ್ತಿ ಉತ್ತರ ಕೊಡೋಕೆ ಬೀದಿಯಲ್ಲಿ ಆಗುವುದಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಕೆಂಪಿ ಡ್ಯಾಶ್‌ಹಂಡ್. ನಮ್ಮ ಚಿಕ್ಕಬಳ್ಳಾಪುರದಲ್ಲಿ ಹೆಚ್ಚಿನವರಿಗೆ ಅವಳು 'ಉದ್ದ ನಾಯಿ' ಅಷ್ಟೆ. ಇಟ್ಟಿಗೆ ಬಣ್ಣದ ಮೈ ಇತ್ತು, ಅದಕ್ಕೇ ಆ ಹೆಸರು. ಈಗ ಮುಖ ಪೂರ್ತಿ ಬೆಳ್ಳಗಾಗಿದೆ. ಹೋದ ಸಂಕ್ರಾಂತಿಗೆ ಅವಳಿಗೆ 13 ತುಂಬಿತು.

ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಈ ಜಾತಿಯ ನಾಯಿ ಸಾಮಾನ್ಯವಾಗಿ 12ರಿಂದ 16 ವರ್ಷ ಬದುಕುತ್ತದೆ. ನಾಯಿಗಳಲ್ಲಿ ಇದು ಒಳ್ಳೆಯ ಆಯಸ್ಸು. ಗ್ರೇಟ್ ಡೇನ್‌ನಂಥ ದೊಡ್ಡ ನಾಯಿಗಳು ಹತ್ತು ದಾಟುವುದೇ ಕಷ್ಟ. ಅಮೆರಿಕದಲ್ಲಿ ಶನೆಲ್ ಅನ್ನೋ ಒಂದು ಡ್ಯಾಶ್‌ಹಂಡ್ 2009ರಲ್ಲಿ ಹೋದಾಗ ಅದಕ್ಕೆ 21 ವರ್ಷ. ಆಗ ಜಗತ್ತಿನ ಅತಿ ಹಿರಿಯ ನಾಯಿ ಅಂತ ಗಿನ್ನೆಸ್‌ನಲ್ಲಿ ಅದರ ಹೆಸರಿತ್ತು. ಆ ಸುದ್ದಿಯನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕ ಇಲ್ಲ.

ಆದರೆ ಇವುಗಳ ವಿಷಯದಲ್ಲಿ ವರ್ಷದ ಲೆಕ್ಕಕ್ಕಿಂತ ಮೊದಲು ಬೆನ್ನಿನ ಲೆಕ್ಕ ಬರುತ್ತದೆ. ಹೃದಯ ಗಟ್ಟಿ ಇರುತ್ತದೆ, ಹಸಿವು ಚೆನ್ನಾಗಿರುತ್ತದೆ, ಬೆನ್ನು ಕೈಕೊಡುತ್ತದೆ. ಸುಮಾರು ನಾಲ್ಕು ಡ್ಯಾಶ್‌ಹಂಡ್‌ಗಳಲ್ಲಿ ಒಂದಕ್ಕೆ ಜೀವನದಲ್ಲಿ ಒಂದಲ್ಲ ಒಂದು ಸಲ ಡಿಸ್ಕ್ ತೊಂದರೆ ಬರುತ್ತದೆ. ಅದೂ ಮುಪ್ಪಿನಲ್ಲಲ್ಲ. ಜಾಸ್ತಿ ಬರುವುದು ಮೂರರಿಂದ ಏಳು ವರ್ಷದ ಒಳಗೆ, ಮೈ ತುಂಬಾ ಶಕ್ತಿ ಇರುವ ವಯಸ್ಸಿನಲ್ಲಿ.

ಕಾರಣ ಅವುಗಳ ಹುಟ್ಟಿನಲ್ಲೇ ಇದೆ. ಜರ್ಮನಿಯಲ್ಲಿ ಬ್ಯಾಡ್ಜರ್ ಅನ್ನೋ ಬಿಲದ ಪ್ರಾಣಿಯನ್ನು ಹಿಡಿಯೋಕೆ ಈ ತಳಿಯನ್ನು ಬೆಳೆಸಿದರು. ಹೆಸರಿನ ಅರ್ಥವೇ ಬ್ಯಾಡ್ಜರ್ ನಾಯಿ. ಬಿಲದೊಳಗೆ ನುಗ್ಗಬೇಕು, ಹಾಗಾಗಿ ಗಿಡ್ಡ ಕಾಲಿನ ನಾಯಿಗಳನ್ನೇ ಆರಿಸಿ ಆರಿಸಿ ಮರಿ ಮಾಡಿಸಿದರು. ಗಿಡ್ಡ ಕಾಲಿನ ಹಿಂದೆ ಎಫ್‌ಜಿಎಫ್4 ಅನ್ನೋ ಜೀನ್‌ನ ಹೆಚ್ಚುವರಿ ಪ್ರತಿಗಳು ಇವೆ. ಅದರಲ್ಲಿ ಒಂದು ಪ್ರತಿ, 12ನೇ ಕ್ರೋಮೋಸೋಮಿನಲ್ಲಿ ಸೇರಿಕೊಂಡಿರುವುದು, ಕಾಲನ್ನು ಗಿಡ್ಡ ಮಾಡುವುದರ ಜೊತೆಗೆ ಡಿಸ್ಕನ್ನೂ ಬೇಗ ಹಾಳು ಮಾಡುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2017ರಲ್ಲಿ ಇದನ್ನು ಗುರುತಿಸಿದರು. ಅಂದರೆ ನಾವು ನೋಡಿ ಮುದ್ದು ಮಾಡುವ ಆ ಪುಟ್ಟ ಕಾಲು, ಆ ಬೆನ್ನಿನ ನೋವು, ಎರಡೂ ಒಂದೇ ಕಡೆಯಿಂದ ಬಂದಿವೆ.

ಡಿಸ್ಕ್ ಅಂದರೆ ಬೆನ್ನಿನ ಎರಡು ಮೂಳೆಗಳ ನಡುವಿನ ಮೆತ್ತೆ. ಎಳನೀರು ಕುಡಿದ ಮೇಲೆ ಕಾಯಿ ಒಡೆಸಿ ಗಂಜಿ ತಿನ್ನುತ್ತೀವಲ್ಲ, ಮೆತ್ತೆಯ ಒಳಭಾಗ ಹುಟ್ಟಿನಲ್ಲಿ ಹಾಗಿರುತ್ತದೆ. ಮೆತ್ತಗೆ, ನೀರು ತುಂಬಿಕೊಂಡು. ಬೇರೆ ನಾಯಿಗಳಲ್ಲಿ ಅದು ವರ್ಷಗಟ್ಟಲೆ ಹಾಗೇ ಇರುತ್ತದೆ. ಡ್ಯಾಶ್‌ಹಂಡ್‌ಗಳಲ್ಲಿ ಮೊದಲ ವರ್ಷದಲ್ಲೇ ಒಣಗೋಕೆ ಶುರುವಾಗಿ, ಬರಬರುತ್ತಾ ಕೊಬ್ಬರಿ ಆಗಿಬಿಡುತ್ತದೆ. ಆಮೇಲೆ ಒಂದು ದಿನ ಆ ಕೊಬ್ಬರಿ ಚೂರು ಸುತ್ತಲಿನ ಪೊರೆ ಹರಿದು ಮೇಲಕ್ಕೆ ಚಿಮ್ಮಿ ಬೆನ್ನುಹುರಿಯನ್ನು ಒತ್ತುತ್ತದೆ. ಹೆಚ್ಚಾಗಿ ನಡುಬೆನ್ನಿನಲ್ಲಿ, ಪಕ್ಕೆಲುಬು ಮುಗಿಯುವ ಜಾಗದ ಹತ್ತಿರ.

ಕೆಂಪಿಗೆ ಆ ದಿನ ಬಂದಾಗ ಆರು ವರ್ಷ. ರಾತ್ರಿ ಎಂಟರ ಹೊತ್ತಿಗೆ ದಿವಾನದಿಂದ ಕೆಳಗೆ ಹಾರಿದಳು. ಸಾವಿರ ಸಲ ಹಾರಿದ್ದ ದಿವಾನ ಅದು. ಒಮ್ಮೆ 'ಕುಂಯ್' ಅಂದಳು, ಅಷ್ಟೆ. ಆಮೇಲೆ ಮೂಲೆಗೆ ಹೋಗಿ ಬೆನ್ನು ಬಿಲ್ಲಿನ ಹಾಗೆ ಮಾಡಿಕೊಂಡು ನಿಂತಳು. ಹೊಟ್ಟೆ ಮುಟ್ಟಿದರೆ ಕಲ್ಲು. ಮೈ ಸಣ್ಣಗೆ ನಡುಗುತ್ತಿತ್ತು. ನೋಡಿದವರೊಬ್ಬರು "ಉಳುಕಿರಬೇಕು, ಬೆಳಿಗ್ಗೆ ಸರಿ ಹೋಗುತ್ತೆ ಬಿಡಿ" ಅಂದರು. ನಾನೂ ನಂಬಿದೆ. ಮನೆಯಲ್ಲಿದ್ದ ನೋವಿನ ಮಾತ್ರೆಯ ಅರ್ಧ ಮುರಿದು ಕೈಯಲ್ಲಿ ಹಿಡಿದಿದ್ದೆ. "ಮನುಷ್ಯರ ಮಾತ್ರೆ ಅದಕ್ಕೆ ಯಾಕೆ ಹಾಕ್ತೀಯ, ಗೊತ್ತಿಲ್ಲದ್ದು ಮಾಡಬೇಡ" ಅಂತ ಅಮ್ಮ ಕಿತ್ತುಕೊಂಡರು. ಅಮ್ಮನಿಗೆ ನಾನು ಜನ್ಮವಿಡೀ ಋಣಿ. ಅದು ಐಬುಪ್ರೊಫೆನ್. ನಾಯಿಗಳ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸುರಿಯುವಂತೆ ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಅದೂ ಅಲ್ಲದೆ, ಮರುದಿನ ಡಾಕ್ಟರು ಸ್ಟೆರಾಯ್ಡ್ ಕೊಡಬೇಕು ಅಂದುಕೊಂಡರೂ ಹೊಟ್ಟೆಯಲ್ಲಿ ಈ ಮಾತ್ರೆ ಇದ್ದರೆ ಕೊಡುವ ಹಾಗಿಲ್ಲ.

ಬೆಳಿಗ್ಗೆ ಎದ್ದಾಗ ಹಿಂಗಾಲು ಒಂದಕ್ಕೊಂದು ತೊಡರಿಕೊಳ್ಳುತ್ತಿದ್ದವು. ನಡೆಯುತ್ತಿದ್ದಳು, ಆದರೆ ಸೊಂಟ ಒಂದು ಕಡೆ ವಾಲುತ್ತಿತ್ತು. ಆ ಒಂದು ರಾತ್ರಿ ಸುಮ್ನೆ ಕಳೆದದ್ದು ಇವತ್ತಿಗೂ ನನಗೆ ಚುಚ್ಚುತ್ತದೆ.

ಹಳೇ ಕ್ಯಾರಂ ಬೋರ್ಡಿನ ಮೇಲೆ ಕಂಬಳಿ ಹಾಸಿ, ಅವಳನ್ನು ಮಲಗಿಸಿ, ಮೇಲೊಂದು ಟವಲ್ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟೆವು. ನಮ್ಮೂರಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಒಂದೇ ರಸ್ತೆ, ಐವತ್ತು ಕಿಲೋಮೀಟರ್ ಆಸುಪಾಸು. ತಮ್ಮ ಗಾಡಿ ಓಡಿಸಿದ. ಪ್ರತಿ ಹಂಪ್‌ನಲ್ಲೂ ನಾನು ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದೆ.

ಅಲ್ಲಿ ಡಾಕ್ಟರು ಮಾಡಿದ ಮೊದಲ ಪರೀಕ್ಷೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಕೆಂಪಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಹಿಂದಿನ ಪಾದವನ್ನು ಮಡಚಿ ಮೇಲ್ಭಾಗ ಮೇಜಿಗೆ ತಾಗುವಂತೆ ಇಟ್ಟರು. ಮುಂಗಾಲಿಗೆ ಹಾಗೆ ಮಾಡಿದಾಗ ಥಟ್ ಅಂತ ತಿರುಗಿಸಿಕೊಂಡಳು. ಹಿಂಗಾಲು ಹಾಗೇ ಇತ್ತು. ಒಂದು, ಎರಡು, ಮೂರು ಸೆಕೆಂಡು. ತನ್ನ ಪಾದ ಮಗುಚಿ ಬಿದ್ದಿದೆ ಅನ್ನೋದೇ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಆಮೇಲೆ ಬೆರಳನ್ನು ಜೋರಾಗಿ ಚಿವುಟಿದರು. ಕೆಂಪಿ ತಿರುಗಿ ನೋಡಿ ಗುರ್ ಅಂದಳು. ಡಾಕ್ಟರು "ಗುರ್ ಅಂದ್ಳಲ್ಲ, ಒಳ್ಳೇದಾಯ್ತು" ಅಂದರು. ಆ ನೋವು ತಲೆಗೆ ಮುಟ್ಟಿದೆ ಅಂದರೆ ಹುರಿ ಇನ್ನೂ ಕೆಲಸ ಮಾಡುತ್ತಿದೆ ಅಂತ ಅರ್ಥ. ಅದು ಇರುವಾಗ ಆಪರೇಷನ್ ಮಾಡಿದರೆ ಹತ್ತರಲ್ಲಿ ಒಂಬತ್ತು ನಾಯಿಗಳು ಮತ್ತೆ ನಡೆಯುತ್ತವೆ. ಅದೂ ಹೋದ ಮೇಲೆ ಬಂದರೆ ಅರ್ಧಕ್ಕರ್ಧ ಮಾತ್ರ, ಅದಕ್ಕೂ ಗಂಟೆಗಳ ಲೆಕ್ಕ.

ಅದಕ್ಕೇ ಈ ನಾಯಿ ಸಾಕಿದವರಿಗೆಲ್ಲ ಕೈಮುಗಿದು ಹೇಳುತ್ತೇನೆ. ಹಿಂಗಾಲು ತೂರಾಡಿದರೆ, ಪಾದ ಎಳೆದುಕೊಂಡು ಹೋದರೆ, ಮೂತ್ರ ಮಾಡಲು ಆಗದೆ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಅದು ಉಳುಕಲ್ಲ.

ಕೆಂಪಿಗೆ ಆಪರೇಷನ್ ಬೇಕಾಗಲಿಲ್ಲ. ಆರು ವಾರ ಪೂರ್ತಿ ವಿಶ್ರಾಂತಿ ಅಂದರು. ವಿಶ್ರಾಂತಿ ಅಂದರೆ ಮನೆಯೊಳಗೆ ಮೆಲ್ಲಗೆ ಓಡಾಡಿಕೊಂಡಿರುವುದಲ್ಲ, ಗೂಡಿನೊಳಗೇ ಇರುವುದು. ಎಪಿಎಂಸಿ ಮಂಡಿಯಲ್ಲಿ ಕೆಲಸ ಮಾಡುವ ಪಕ್ಕದ ಮನೆಯವರು ಟೊಮೆಟೊ ಕ್ರೇಟುಗಳನ್ನು ತಂದುಕೊಟ್ಟರು. ಗೋಡೆಯ ಹಾಗೆ ಜೋಡಿಸಿ ತಂತಿಯಿಂದ ಕಟ್ಟಿ, ನಡುಮನೆಯಲ್ಲಿ ನಾಲ್ಕಡಿಗೆ ಮೂರಡಿ ಜಾಗ ಮಾಡಿದೆವು. ದಿನಕ್ಕೆ ನಾಲ್ಕು ಸಲ ಹೊಟ್ಟೆ ಕೆಳಗೆ ಟವಲ್ ಹಾಕಿ ಎತ್ತಿ ಹಿಡಿದು ಹೊರಗೆ ಕರೆದೊಯ್ದು ತರುವುದು. ಮೊದಲ ವಾರ ಅವಳು ಅತ್ತಿದ್ದಕ್ಕೆ ನಾನೂ ಅತ್ತೆ. ಅಮ್ಮ ಮಾತ್ರ ಗಟ್ಟಿ. ಗೂಡಿನ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಕೂತು, ಸೊಪ್ಪು ಬಿಡಿಸುತ್ತಾ, ಅವರೆಕಾಯಿ ಸುಲಿಯುತ್ತಾ, ಬೀದಿಯ ಸುದ್ದಿಯೆಲ್ಲ ಅವಳಿಗೆ ಹೇಳುತ್ತಿದ್ದರು. ಐದನೇ ವಾರ ಮಗುಚಿದ ಪಾದವನ್ನು ಕೆಂಪಿ ತಾನೇ ತಿರುಗಿಸಿಕೊಂಡಳು.

ಆಮೇಲೆ ಮನೆಯೇ ಬದಲಾಯಿತು. ಟೈಲ್ಸ್ ನೆಲದಲ್ಲಿ ಕಾಲು ಜಾರುತ್ತದೆ, ಜಾರಿದ ಪ್ರತಿ ಸಲ ಬೆನ್ನು ತಿರುಚುತ್ತದೆ. ಅವಳು ಓಡಾಡುವ ದಾರಿಗೆಲ್ಲ ಗೋಣಿಚೀಲ ಹೊಲಿದು ಹಾಸಿದೆವು. ಜಗಲಿಯ ಎರಡು ಮೆಟ್ಟಿಲಿಗೆ ಹಲಗೆಯ ಇಳಿಜಾರು, ಮೇಲೆ ತೆಂಗಿನ ನಾರಿನ ಮ್ಯಾಟ್. ಕುತ್ತಿಗೆ ಪಟ್ಟಿ ತೆಗೆದು ಎದೆಗೆ ಹಾಕುವ ಬೆಲ್ಟ್. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ, ಬೆನ್ನು ನೆಲಕ್ಕೆ ಸಮನಾಗಿ. ಮಕ್ಕಳನ್ನು ಎತ್ತುವ ಹಾಗೆ ಕಂಕುಳಿಗೆ ಕೈ ಹಾಕಿ ಎತ್ತಲೇಬಾರದು. ಮನೆಗೆ ಬರುವ ಮಕ್ಕಳಿಗೂ ಮೊದಲು ಇದನ್ನೇ ಹೇಳಿಕೊಡುತ್ತೇವೆ.

ಹಾಗಂತ ಕಟ್ಟಿಹಾಕಿ ಕೂರಿಸಿದರೆ ಬೆನ್ನು ಉಳಿಯುತ್ತೆ ಅಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ 2015ರಲ್ಲಿ ಡ್ಯಾಶ್‌ಹಂಡ್ ಸಾಕಿದವರನ್ನೇ ಕೇಳಿ ಒಂದು ಸಮೀಕ್ಷೆ ಮಾಡಿದರು. ಚೆನ್ನಾಗಿ ನಡೆದಾಡುವ ನಾಯಿಗಳಲ್ಲಿ ಈ ತೊಂದರೆ ಕಡಿಮೆಯೇ ಕಂಡಿತು. ಬೆನ್ನಿನ ಸುತ್ತ ಮಾಂಸಖಂಡ ಗಟ್ಟಿ ಇದ್ದರೆ ಮೂಳೆಗೆ ಆಸರೆ. ಅದಕ್ಕೆ ನಾವು ಇವತ್ತಿಗೂ ಸಾಯಂಕಾಲದ ನಡಿಗೆ ತಪ್ಪಿಸುವುದಿಲ್ಲ. ಮೊದಲು ಕಂದವಾರ ಕೆರೆಯ ಕಡೆ ಹೋಗುತ್ತಿದ್ದೆವು. ಈಗ ಬೀದಿಯ ಕೊನೆಯವರೆಗೆ ಹೋಗಿ, ನಂದಿಬೆಟ್ಟ ಕಾಣುವ ಖಾಲಿ ಸೈಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು ಬರುತ್ತೇವೆ.

ತೂಕದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಉದ್ದನೆಯ ಬೆನ್ನಿಗೆ ಒಂದು ಕಿಲೋ ಜಾಸ್ತಿ ಆದರೂ ಭಾರ. ಪಕ್ಕೆ ಸವರಿದರೆ ಮೂಳೆ ಕೈಗೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಪಾಪ ಅಂತ ಬಿಸ್ಕತ್ತು ಹಾಕುವವರೇ ನಮ್ಮ ಬೀದಿ ತುಂಬಾ ಇದ್ದಾರೆ. ಅವರಿಗೆ ಬೇಡ ಅನ್ನೋಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ನಮ್ಮ ಕಡೆಯವರಿಗೆ ಇನ್ನೊಂದು ಮಾತು. ದ್ರಾಕ್ಷಿ ಕಾಲದಲ್ಲಿ ಮನೆ ಮನೆಯಲ್ಲೂ ಬುಟ್ಟಿಗಟ್ಟಲೆ ಹಣ್ಣಿರುತ್ತೆ, ಅಲ್ವಾ? ನಾಯಿಗೆ ಒಂದೂ ಹಾಕಬೇಡಿ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಗಳ ಮೂತ್ರಪಿಂಡವನ್ನು ಕೆಡಿಸಬಲ್ಲವು. ಎಷ್ಟು ತಿಂದರೆ ಅಪಾಯ ಅಂತ ಒಂದು ಲೆಕ್ಕವೂ ಇಲ್ಲ. ಈರುಳ್ಳಿ ಹಾಕಿದ ಬಸ್ಸಾರು ಕಲಸಿದ ಮುದ್ದೆಯೂ ಬೇಡ.

ಈಗ ವಯಸ್ಸಿನ ಮಾತು. ನಾಯಿಯ ಒಂದು ವರ್ಷಕ್ಕೆ ನಮ್ಮ ಏಳು ವರ್ಷ ಅಂತ ಎಲ್ಲರೂ ಹೇಳುತ್ತಾರೆ. ಅದು ಅಷ್ಟು ಸರಿ ಇಲ್ಲ. ಮೊದಲೆರಡು ವರ್ಷ ನಾಯಿ ಬೇಗ ಬೆಳೆಯುತ್ತದೆ, ಆಮೇಲೆ ನಿಧಾನ. ನನ್ನ ಅಂದಾಜಿಗೆ ಕೆಂಪಿ ಈಗ ಅಮ್ಮನ ಓರಗೆಯವಳು. ಅಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವು. ನಾಯಿಗೆ ಅಂತ ಮಾಡಿದ ಹಲಗೆಯ ಇಳಿಜಾರಿನಲ್ಲೇ ಅಮ್ಮನೂ ಗೋಡೆ ಹಿಡಿದು ಇಳಿಯುತ್ತಾರೆ. ಕೆಂಪಿ ಅವರ ಮುಂದೆ ಹೋಗುವುದಿಲ್ಲ. ಅವರು ಇಳಿಯುವವರೆಗೂ ಮೇಲೆಯೇ ನಿಂತು ಕಾಯುತ್ತಾಳೆ.

ಅವಳ ಕಣ್ಣಿನಲ್ಲಿ ನೀಲಿ ಮಸುಕು ಕಂಡಾಗ ಪೊರೆ ಬಂತು ಅಂತ ಹೆದರಿದ್ದೆ. ವಯಸ್ಸಾದ ನಾಯಿಗಳ ಕಣ್ಣಿನ ಮಸೂರ ಗಟ್ಟಿಯಾಗಿ ಹಾಗೆ ಕಾಣುವುದು ಸಹಜ, ದೃಷ್ಟಿ ಪೂರ್ತಿ ಹೋಗುವುದಿಲ್ಲ ಅಂತ ಡಾಕ್ಟರು ಹೇಳಿದ ಮೇಲೆ ಸಮಾಧಾನ ಆಯಿತು. ಹಲ್ಲು ಮಾತ್ರ ನಿಜವಾದ ತೊಂದರೆ. ಹೋದ ವರ್ಷ ಮೂರು ಕೀಳಿಸಿದೆವು. ಈ ಜಾತಿಗೆ ಹಲ್ಲಿನ ಕಾಟ ಜಾಸ್ತಿ. ಎಳೆಯದರಲ್ಲೇ ಬ್ರಷ್ ಅಭ್ಯಾಸ ಮಾಡಿಸಿದ್ದರೆ ಇಷ್ಟಾಗುತ್ತಿರಲಿಲ್ಲ.

ರಾತ್ರಿ ನನಗೆ ಎಚ್ಚರ ಆಗುತ್ತದೆ. ಮೊದಲೆಲ್ಲ ಸುಮ್ನೆ ಕತ್ತಲಲ್ಲಿ ಕಿವಿಗೊಟ್ಟು, ಉಸಿರಾಡ್ತಿದಾಳಾ ಇಲ್ವಾ ಅಂತ ಹೆದರಿಕೊಂಡು ಮಲಗಿರುತ್ತಿದ್ದೆ. ಈಗ ಎದ್ದು ಕೂತು ಗಡಿಯಾರ ನೋಡಿಕೊಂಡು ಎಣಿಸುತ್ತೇನೆ. ಪಕ್ಕೆ ಒಮ್ಮೆ ಮೇಲೆ ಹೋಗಿ ಕೆಳಗೆ ಬಂದರೆ ಒಂದು. ಮಲಗಿ ನಿದ್ದೆ ಮಾಡುವ ನಾಯಿ ನಿಮಿಷಕ್ಕೆ 30ಕ್ಕಿಂತ ಕಡಿಮೆ ಸಲ ಉಸಿರಾಡಬೇಕು. ಪದೇ ಪದೇ ಅದಕ್ಕಿಂತ ಜಾಸ್ತಿ ಬಂದರೆ ಹೃದಯವನ್ನೋ ಶ್ವಾಸಕೋಶವನ್ನೋ ತೋರಿಸಬೇಕು. ಕೆಂಪಿಯದು ಹದಿನೆಂಟು, ಇಪ್ಪತ್ತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಅದನ್ನು ಬರೆದಿಡುತ್ತೇನೆ. ನೀರು ಎಷ್ಟು ಕುಡಿದಳು ಅನ್ನೋದನ್ನೂ ಬರೆಯುತ್ತೇನೆ, ಏಕೆಂದರೆ ಇದ್ದಕ್ಕಿದ್ದ ಹಾಗೆ ನೀರು ಜಾಸ್ತಿ ಆದರೆ ಸಕ್ಕರೆ ಕಾಯಿಲೆಯೋ ಮೂತ್ರಪಿಂಡದ ತೊಂದರೆಯೋ ಇರಬಹುದು. ಬೆಳಿಗ್ಗೆ ಗೋಣಿಚೀಲದ ಮೇಲೆ ಅವಳು ಎದ್ದು ಬರುವಾಗ ನಾಲ್ಕು ಪಾದದ ಸದ್ದನ್ನೂ ಕೇಳಿಸಿಕೊಳ್ಳುತ್ತೇನೆ. ಉಗುರು ಎಳೆದ ಸದ್ದು ಬಂದರೆ ಆವತ್ತು ನಡಿಗೆ ಇಲ್ಲ, ಹಿಂದಿನ ಪಾದ ಮಡಚಿ ನೋಡುತ್ತೇನೆ. ಹೀಗೆ ಮಾಡುವುದರಿಂದ ಚಿಂತೆ ಹೋಗಿಲ್ಲ. ಕೈಗೆ ಕೆಲಸ ಸಿಕ್ಕಿದೆ, ಅದರಿಂದ ನಿದ್ದೆ ಬರುತ್ತದೆ.

ಇದನ್ನೆಲ್ಲ ಕೇಳಿದ ಮೇಲೆ ಕೆಲವರು ಇನ್ನೊಂದು ಪ್ರಶ್ನೆ ಹಾಕುತ್ತಾರೆ. ಮೊನ್ನೆ ಹೂವಿನ ಅಕ್ಕನೂ ಜಗಲಿಯಲ್ಲಿ ಕೂತು ಕೇಳಿದರು. "ಇದಾದ ಮೇಲೆ ಇನ್ನೊಂದು ತರ್ತೀರಾಮ್ಮ?"

ಕೆಂಪಿ ನನ್ನ ಕಾಲಿನ ಹತ್ತಿರವೇ ಮಲಗಿದ್ದಳು. ನಾನು ಬಾಯಿ ತೆಗೆಯುವ ಮೊದಲೇ ಒಳಗಿನಿಂದ ಅಮ್ಮನ ದನಿ ಬಂತು. "ಬಿಡ್ತು ಅನ್ನಮ್ಮ, ಅದರ ಮುಂದೆ ಹಾಗೆಲ್ಲ ಮಾತಾಡ್ತಾರಾ?"

ಅಕ್ಕ ನಾಲಿಗೆ ಕಚ್ಚಿಕೊಂಡು "ಬಿಡ್ತು, ಬಿಡ್ತು" ಅಂದರು. ಕೆಂಪಿಯ ತಲೆ ಸವರಿ, ಬುಟ್ಟಿಯಿಂದ ಒಂದು ಮೊಳ ಕನಕಾಂಬರ ಕಿತ್ತು ಅಮ್ಮನಿಗೆ ಕೊಡೋಕೆ ಒಳಗೆ ಹೋದರು.