ಹಕ್ಕೋದಾ ಪರ್ವತಕ್ಕೆ ಹೋಗುವವರಿಗೆ: ಕಾದಂಬರಿಯ ಜಾಡಿನಲ್ಲಿ ಒಂದು ಪ್ರವಾಸ

ಜಪಾನಿನ ಮುಖ್ಯ ದ್ವೀಪದ ಉತ್ತರ ತುದಿಯಲ್ಲಿರುವ ಅಓಮೋರಿ ನಗರಕ್ಕೆ ನಮ್ಮವರು ಹೆಚ್ಚಾಗಿ ಸೇಬಿನ ತೋಟಗಳನ್ನೂ ಚೆರ್ರಿ ಹೂಗಳನ್ನೂ ನೋಡಲೆಂದು ಹೋಗುತ್ತಾರೆ. ನನ್ನನ್ನು ಅಲ್ಲಿಗೆ ಕರೆದೊಯ್ದದ್ದು ನಿತ್ತಾ ಜಿರೋ 1971ರಲ್ಲಿ ಪ್ರಕಟಿಸಿದ, ಹಕ್ಕೋದಾ ಪರ್ವತದ ಹಿಮದಲ್ಲಿ ದಾರಿ ತಪ್ಪಿ ಸತ್ತ ಸೈನಿಕರ ಕುರಿತ ಕಾದಂಬರಿ. ಇದಕ್ಕೆ ಇಂಗ್ಲಿಷ್ ಅನುವಾದವಿದೆ. ಹೊರಡುವ ಮೊದಲು ಅದನ್ನು ಓದಿ ಮುಗಿಸಿಕೊಳ್ಳಿ ಎಂಬುದು ನನ್ನ ಮೊದಲ ಸಲಹೆ. ಲೇಖಕರು ಬಹುಕಾಲ ಹವಾಮಾನ ಇಲಾಖೆಯಲ್ಲಿ ದುಡಿದವರಾದ್ದರಿಂದ ಗಾಳಿ, ಹಿಮ, ಉಷ್ಣಾಂಶಗಳ ವಿವರಗಳು ಅಲ್ಲಿ ಕಥೆಯ ಅಲಂಕಾರವಾಗಿ ನಿಲ್ಲದೆ ಕಥೆಯನ್ನೇ ನಡೆಸುತ್ತವೆ.

ಘಟನೆ ನಿಜವಾಗಿ ನಡೆದದ್ದು. ರಷ್ಯಾದೊಡನೆ ಯುದ್ಧವಾದರೆ ಅದರ ನೌಕಾಪಡೆ ಕರಾವಳಿಯ ರಸ್ತೆಯನ್ನೂ ರೈಲುಮಾರ್ಗವನ್ನೂ ಕಡಿದುಹಾಕಬಹುದು, ಆಗ ಚಳಿಗಾಲದಲ್ಲಿ ಬೆಟ್ಟ ದಾಟಿ ಸೈನ್ಯ ಸಾಗಿಸಲು ಸಾಧ್ಯವೇ ಎಂದು ಪರೀಕ್ಷಿಸಲು 1902ರ ಜನವರಿ 23ರಂದು ಅಓಮೋರಿಯ ಐದನೆಯ ಪದಾತಿ ರೆಜಿಮೆಂಟಿನ 210 ಮಂದಿ ಹೊರಟರು. ಆ ದಿನದ ಗುರಿ ಸುಮಾರು 20 ಕಿಲೋಮೀಟರ್ ದೂರದ ತಾಶಿರೋ ಎಂಬ ಬಿಸಿನೀರಿನ ಬುಗ್ಗೆಯ ತಾಣ. ಅದು ಇನ್ನೇನು ಒಂದೆರಡು ಕಿಲೋಮೀಟರ್ ಇದೆ ಎನ್ನುವಾಗ ಕತ್ತಲೆಯಲ್ಲೂ ಹಿಮಗಾಳಿಯಲ್ಲೂ ದಾರಿ ತಪ್ಪಿತು. ಹಿಮದಲ್ಲಿ ಗುಂಡಿ ತೋಡಿ ಕುಳಿತವರು ಬೆಳಗಾಗುವವರೆಗೂ ಕಾಯದೆ ನಡುರಾತ್ರಿಯಲ್ಲೇ ಹಿಂದಿರುಗಲು ಎದ್ದರು. ಆಮೇಲಿನದು ಅಲೆದಾಟ ಮಾತ್ರ. ಕೊನೆಗೆ ಸತ್ತವರು 199 ಮಂದಿ, ಉಳಿದವರು 11 ಮಂದಿ. ಅದೇ ದಿನಗಳಲ್ಲಿ, ಜನವರಿ 25ರಂದು, ಹೊಕ್ಕೈದೋ ದ್ವೀಪದ ಅಸಾಹಿಕಾವಾದಲ್ಲಿ ಉಷ್ಣಾಂಶ ಮೈನಸ್ 41 ಡಿಗ್ರಿಗೆ ಇಳಿದಿತ್ತು. ದೇಶದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶಗಳಲ್ಲಿ ಅದು ಹೆಸರಾದದ್ದು. ಅಂಥ ಚಳಿಯ ಅಲೆಗೆ ಈ ದಂಡು ಎದುರಾಗಿ ನಡೆದಿತ್ತು.

ಟೋಕಿಯೋದಿಂದ ಶಿನ್-ಅಓಮೋರಿಗೆ ಶಿಂಕಾನ್ಸೆನ್ ಎಂಬ ಅತಿವೇಗದ ರೈಲಿನಲ್ಲಿ ಮೂರು ಗಂಟೆಗೆ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಅಲ್ಲಿಂದ ನಗರದ ನಿಲ್ದಾಣ ಸ್ಥಳೀಯ ರೈಲಿನಲ್ಲಿ ಒಂದೇ ಸ್ಟಾಪು. ನಗರದಲ್ಲಿ ತಂಗಿ, ಮರುದಿನ ಬೆಳಿಗ್ಗೆ ನೇರವಾಗಿ ಬೆಟ್ಟಕ್ಕೆ ಹೋಗದೆ ಮೊದಲು ಕೋಬಾತಾ ಎಂಬಲ್ಲಿರುವ ವಸ್ತುಸಂಗ್ರಹಾಲಯಕ್ಕೂ ಅದರ ಪಕ್ಕದ ಸೈನಿಕರ ಸ್ಮಶಾನಕ್ಕೂ ಹೋಗಿ. ಕಾದಂಬರಿ ಓದಿ ಬಂದವರು ಒಂದು ವಿಷಯ ನೆನಪಿಡಬೇಕು: ಪುಸ್ತಕದಲ್ಲಿ ಹೆಸರುಗಳನ್ನು ಬದಲಿಸಲಾಗಿದೆ. ಅಓಮೋರಿಯ ದಂಡನ್ನು ನಡೆಸಿದ, ಪುಸ್ತಕದ ಕ್ಯಾಪ್ಟನ್ ಕಾಂದಾ ಇಲ್ಲಿನ ಫಲಕಗಳಲ್ಲಿ ಕಾನ್ನಾರಿ. ಆ ದಂಡಿನ ಜೊತೆಗಿದ್ದ ಮೇಲಧಿಕಾರಿ ಮೇಜರ್ ಯಾಮಾದಾ ಇಲ್ಲಿ ಯಾಮಾಗುಚಿ. ಅದೇ ದಿನಗಳಲ್ಲಿ ಹಿರೊಸಾಕಿ ಊರಿನ ರೆಜಿಮೆಂಟಿನಿಂದ ಬೇರೊಂದು ತಂಡ ಕರೆದುಕೊಂಡು ಹೊರಟ ಕ್ಯಾಪ್ಟನ್ ತೊಕುಶಿಮಾ ಇಲ್ಲಿ ಫುಕುಶಿಮಾ. ಇದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಫಲಕಗಳ ಮುಂದೆ ಗೊಂದಲವಾಗುವುದಿಲ್ಲ. ಎರಡು ರೆಜಿಮೆಂಟುಗಳು ಪರಸ್ಪರ ಪೈಪೋಟಿಯಿಂದ, ಎದುರುಬದುರಾಗಿ ಬರುವ ಒಪ್ಪಂದದಿಂದ ಹೊರಟವೆಂಬ ಚಿತ್ರಣವೂ ಬಹುಮಟ್ಟಿಗೆ ಕಾದಂಬರಿಕಾರರ ಕಲ್ಪನೆಯೇ.

ಸ್ಮಶಾನದಲ್ಲಿ ಸಮಯ ಕೊಡಿ. ಸತ್ತವರೆಲ್ಲರ ಕಲ್ಲುಗಳು ಕವಾಯತಿಗೆ ನಿಂತಂತೆ ದರ್ಜೆಗೆ ತಕ್ಕ ಸಾಲುಗಳಲ್ಲಿವೆ. ಅಧಿಕಾರಿಗಳದು ದೊಡ್ಡ ಕಲ್ಲು, ಸಾಮಾನ್ಯ ಸಿಪಾಯಿಯದು ಚಿಕ್ಕದು. ನಾನು ಹೋದ ಫೆಬ್ರವರಿಯಲ್ಲಿ ಚಿಕ್ಕ ಕಲ್ಲುಗಳ ನೆತ್ತಿ ಮಾತ್ರ ಹಿಮದ ಮೇಲೆ ಕಾಣುತ್ತಿತ್ತು. ಈ ಸಿಪಾಯಿಗಳಲ್ಲಿ ಹೆಚ್ಚಿನವರು ಅಓಮೋರಿಯವರಲ್ಲ, ದಕ್ಷಿಣದ ಇವಾತೆ ಮತ್ತು ಮಿಯಾಗಿ ಪ್ರಾಂತಗಳ ರೈತರ ಮಕ್ಕಳು. ಹಕ್ಕೋದಾದ ಹಿಮದ ಸ್ವಭಾವ ಅವರಿಗೆ ತಿಳಿದಿರಲಿಲ್ಲ. ಅವರನ್ನು ಕೊಂದದ್ದು ಚಳಿಯೊಂದೇ ಅಲ್ಲ, ತಿಳಿದವರ ಮಾತು ಕೇಳದ ಅಧಿಕಾರ ಎಂಬ ನನ್ನ ಅಭಿಪ್ರಾಯ ಗಟ್ಟಿಯಾದದ್ದು ಇಲ್ಲಿಯೇ. ದಾರಿಯಲ್ಲಿದ್ದ ಕೊನೆಯ ಹಳ್ಳಿಯಾದ ತಾಮೋಗಿನೋದ ಜನ ಈ ಹೊತ್ತಿನಲ್ಲಿ ಹೋಗುವುದು ಬೇಡ, ಹೋಗಲೇಬೇಕಾದರೆ ದಾರಿ ತೋರಿಸಲು ನಾವು ಬರುತ್ತೇವೆ ಎಂದರಂತೆ, ದಂಡು ಒಪ್ಪಲಿಲ್ಲ. ಹಿರೊಸಾಕಿಯಿಂದ ಹೊರಟ ಫುಕುಶಿಮಾ ಅವರ ಚಿಕ್ಕ ತಂಡವಾದರೋ ಸುಮಾರು 220 ಕಿಲೋಮೀಟರ್ ಸುತ್ತಿ, ಇದೇ ಹಕ್ಕೋದಾವನ್ನು ದಾಟಿ, ಒಬ್ಬರನ್ನೂ ಕಳೆದುಕೊಳ್ಳದೆ ಮರಳಿತು. ಅವರು ಊರೂರಿನಲ್ಲಿ ಸ್ಥಳೀಯರನ್ನು ಮುಂದಿಟ್ಟುಕೊಂಡೇ ನಡೆದರು. ಹಕ್ಕೋದಾ ದಾಟಿಸಿದ ಏಳು ಮಂದಿ ಹಳ್ಳಿಗರು ತಾವೇ ಹಿಮಗಡಿತಕ್ಕೆ ತುತ್ತಾದರೂ ಅವರಿಗೆ ತಕ್ಕ ಮನ್ನಣೆ ಸಿಗಲಿಲ್ಲವೆಂಬುದನ್ನು ಓದುಗರು ಮರೆಯಬಾರದು.

ಇನ್ನು ಬೆಟ್ಟ. ಅಓಮೋರಿ ನಿಲ್ದಾಣದ ಮುಂದಿನಿಂದ ಹೊರಡುವ ಜಪಾನ್ ರೈಲ್ವೆಯ (ಜೆಆರ್) ಬಸ್ಸು ಹಕ್ಕೋದಾ ರೋಪ್‌ವೇ ಮತ್ತು ಸುಕಾಯು ಬಿಸಿನೀರಿನ ತಾಣಕ್ಕೆ ಚಳಿಗಾಲದಲ್ಲೂ ಹೋಗುತ್ತದೆ, ಆದರೆ ಬಸ್ಸುಗಳು ಕಡಿಮೆ. ಮರಳುವ ಕೊನೆಯ ಬಸ್ಸಿನ ಸಮಯವನ್ನು ಹತ್ತುವ ಮುನ್ನವೇ ನೋಡಿಟ್ಟುಕೊಳ್ಳಿ. ರೋಪ್‌ವೇ ಹತ್ತು ನಿಮಿಷದಲ್ಲಿ ಸುಮಾರು 1,300 ಮೀಟರ್ ಎತ್ತರದ ನಿಲ್ದಾಣಕ್ಕೆ ಮುಟ್ಟಿಸುತ್ತದೆ. ಗಾಳಿ ಜೋರಾದರೆ ಅದು ನಿಲ್ಲುತ್ತದೆ, ಆದ್ದರಿಂದ ಇದಕ್ಕಾಗಿ ಒಂದು ದಿನ ಹೆಚ್ಚು ಇಟ್ಟುಕೊಳ್ಳುವುದು ಒಳ್ಳೆಯದು. ಮೇಲೆ ಹಿಮ ಮೆತ್ತಿಕೊಂಡು ಬೇರೆಯೇ ಆಕಾರ ತಳೆದ ಫರ್ ಮರಗಳನ್ನು ನೋಡಲು ಜನ ಬರುತ್ತಾರೆ. ನಾನು ಬಾಗಿಲು ದಾಟಿದಾಗ ಬಿಳಿ ಬಿಟ್ಟು ಬೇರೇನೂ ಇರಲಿಲ್ಲ. ನೆಲ, ಆಕಾಶ, ಇಳಿಜಾರು ಯಾವುದೂ ಬೇರೆಯಾಗಿ ಕಾಣದೆ, ಮುಂದೆ ನಡೆದ ಗೆಳೆಯನ ಕೆಂಪು ಕೋಟು ಕೆಲವೇ ಹೆಜ್ಜೆಗಳಲ್ಲಿ ಮಸುಕಾಗಿ ಇಲ್ಲವಾಯಿತು. ಕೂಗಿದರೆ ಧ್ವನಿ ಯಾವ ಕಡೆಯಿಂದ ಬಂತೆಂದು ಹೇಳಲಾಗುತ್ತಿರಲಿಲ್ಲ. ಇನ್ನೂರು ಮಂದಿ ಒಂದೇ ಜಾಗವನ್ನು ಹೇಗೆ ಸುತ್ತಿದರು ಎಂಬ ಪುಟಗಳು ಓದುವಾಗ ನಂಬಲು ಕಷ್ಟವಾಗಿದ್ದರೆ, ಅಲ್ಲಿ ನಿಂತಾಗ ಆ ಸಂದೇಹ ಉಳಿಯುವುದಿಲ್ಲ.

ನಿಲ್ದಾಣದ ಆಸುಪಾಸು ಬಿಟ್ಟು ಹೋಗುವ ಮನಸ್ಸಿದ್ದರೆ ಸ್ಥಳೀಯ ಗೈಡ್ ಇಲ್ಲದೆ ಹೋಗಲೇಬೇಡಿ. 2007ರ ಫೆಬ್ರವರಿಯಲ್ಲಿ ಇಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸ್ಕೀಯಿಂಗ್‌ಗೆ ಬಂದಿದ್ದವರು ಸತ್ತಿದ್ದಾರೆ. ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರಬಾರದು. ಬೆವರಿ ಒದ್ದೆಯಾದ ಹತ್ತಿ ಒಣಗುವುದೇ ಇಲ್ಲ. ಉಣ್ಣೆಯ ಒಳಉಡುಪು, ಗಾಳಿ ತಡೆಯುವ ಹೊರಕೋಟು, ಎರಡು ಜೊತೆ ಕೈಗವಸು ಬೇಕು. ತಿನಿಸನ್ನು ಕೋಟಿನ ಒಳಜೇಬಿನಲ್ಲಿಡಿ. ಆ ಸೈನಿಕರ ಅನ್ನ ಚೀಲದಲ್ಲೇ ಕಲ್ಲಾಗಿ ಹೋಗಿತ್ತು. ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಒಯ್ಯುವುದೇ ಕ್ಷೇಮ, ಏಕೆಂದರೆ ತರಕಾರಿಯ ನೂಡಲ್ಸಿನ ಸಾರಿಗೂ ಸಾಮಾನ್ಯವಾಗಿ ಮೀನಿನ ಕಷಾಯ ಸೇರಿರುತ್ತದೆ. ಸುಕಾಯುವಿನಲ್ಲಿ ತಂಗಲು ಕೋಣೆ ಮೊದಲೇ ಕಾದಿರಿಸಿ. 2013ರ ಫೆಬ್ರವರಿಯಲ್ಲಿ 566 ಸೆಂಟಿಮೀಟರ್ ಹಿಮ ಅಳೆದ ಜಾಗ ಅದು, ರಸ್ತೆಯ ಬದಿಯ ಹಿಮದ ಗೋಡೆ ಬಸ್ಸಿಗಿಂತ ಎತ್ತರ ಇರುವುದುಂಟು.

ಚಳಿಗಾಲದಲ್ಲಿ ನೋಡಲಾಗದ್ದು ಒಂದಿದೆ, ಅದೇ ಮುಖ್ಯವಾದದ್ದು: ಉಮಾತಾತೆಬಾ ದಿಬ್ಬದ ಮೇಲಿರುವ ಗೋತೋ ಫುಸಾನೊಸುಕೆಯ ಕಂಚಿನ ಪ್ರತಿಮೆ. ಜನವರಿ 27ರಂದು ಶೋಧತಂಡಕ್ಕೆ ಹಿಮದಲ್ಲಿ ಹೂತು ನಿಂತೇ ಸಿಕ್ಕ ಕಾರ್ಪೊರಲ್ ಇವನು. ಇವನಿಂದಲೇ ಹೊರಜಗತ್ತಿಗೆ ದುರಂತ ತಿಳಿದದ್ದು. ಕೈಕಾಲುಗಳನ್ನು ಕತ್ತರಿಸಬೇಕಾಗಿ ಬಂದರೂ ಊರಿಗೆ ಮರಳಿ 1924ರವರೆಗೆ ಬದುಕಿದ. ತಾಶಿರೋ ಕಡೆಯ ರಸ್ತೆ ಹಿಮ ಕರಗುವವರೆಗೆ ಮುಚ್ಚಿರುವುದರಿಂದ ನಾನು ಇದಕ್ಕಾಗಿ ಜೂನಿನಲ್ಲಿ ಮತ್ತೆ ಹೋದೆ. ಬಸ್ಸನ್ನು ನಂಬದೆ ಕಾರು ಬಾಡಿಗೆಗೆ ಪಡೆಯಿರಿ. ನಮ್ಮ ಆರ್‌ಟಿಓ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಅಲ್ಲಿ ನಡೆಯುತ್ತದೆ. ಬೇಸಿಗೆಯಲ್ಲೂ ಗುರುತಿನ ಕಾಲುದಾರಿ ಬಿಟ್ಟು ತಗ್ಗುಗಳಿಗೆ ಇಳಿಯಬಾರದು. ಇದು ಜ್ವಾಲಾಮುಖಿಗಳ ಬೆಟ್ಟ. 1997ರಲ್ಲಿ ತರಬೇತಿಗೆ ಬಂದಿದ್ದ ಮೂವರು ಸೈನಿಕರು ತಗ್ಗಿನಲ್ಲಿ ಶೇಖರವಾಗಿದ್ದ ಇಂಗಾಲದ ಡೈಆಕ್ಸೈಡಿನಿಂದ ಸತ್ತರು. ಕರಡಿಗಳೂ ಇವೆ, ಗಂಟೆ ಕಟ್ಟಿಕೊಳ್ಳಿ.

ಒಂದೇ ಸಲ ಹೋಗಲು ಸಾಧ್ಯವಿರುವವರಿಗೆ ಏಪ್ರಿಲ್ ಕೊನೆಯ ವಾರವನ್ನು ಸೂಚಿಸುತ್ತೇನೆ. ಆಗ ಬೆಟ್ಟದ ಮೇಲೆ ಇನ್ನೂ ಸಾಕಷ್ಟು ಹಿಮವಿರುತ್ತದೆ, ಸುಕಾಯುವಿನಿಂದ ಮುಂದಿನ ರಸ್ತೆ ಏಪ್ರಿಲ್ 1ರ ಸುಮಾರಿಗೇ ತೆರೆದಿರುತ್ತದೆ, ಮತ್ತು ಮುಕ್ಕಾಲು ಗಂಟೆಯ ರೈಲು ದಾರಿಯ ಹಿರೊಸಾಕಿಯ ಕೋಟೆಯಲ್ಲಿ ಚೆರ್ರಿ ಹೂಬಿಡುವ ಕಾಲವೂ ಅದೇ. ಉಮಾತಾತೆಬಾದ ರಸ್ತೆ ತೆರೆದಿದೆಯೇ ಎಂಬುದನ್ನು ಮಾತ್ರ ಅಓಮೋರಿ ನಿಲ್ದಾಣದ ಪ್ರವಾಸಿ ಮಾಹಿತಿ ಕೌಂಟರಿನಲ್ಲಿ ಅದೇ ದಿನ ಬೆಳಿಗ್ಗೆ ಕೇಳಿ, ಆಮೇಲೆ ಕಾರು ತೆಗೆದುಕೊಳ್ಳಿ.