ಮೇ 17ಕ್ಕೆ ನಾರ್ವೆ: ಹೊರಡುವವರಿಗೆ ಕೆಲವು ಮಾತು

ನಾರ್ವೆಗೆ ಹೋಗುವವರಲ್ಲಿ ಹೆಚ್ಚಿನವರು ಜೂನ್, ಜುಲೈ ತಿಂಗಳುಗಳನ್ನು ಆರಿಸಿಕೊಂಡು ನೇರವಾಗಿ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಚಾಚುಗಳಾದ ಫಿಯೋರ್ಡ್‌ಗಳ ಕಡೆಗೆ ಹೊರಟುಬಿಡುತ್ತಾರೆ. ನಾನು ಮತ್ತು ನನ್ನ ಪತ್ನಿ ಮೇ ತಿಂಗಳ ನಡುವಿನ ಎಂಟು ದಿನಗಳನ್ನು ಆರಿಸಿಕೊಂಡದ್ದಕ್ಕೆ ಕಾರಣ ಮೇ 17. 1814ರಲ್ಲಿ ಅಂದು ಆ ದೇಶದ ಸಂವಿಧಾನಕ್ಕೆ ಸಹಿ ಬಿದ್ದಿತು. ದೊರೆ ಇನ್ನೂ ಪಟ್ಟದಲ್ಲಿರುವ ನಾಡೊಂದು ತನ್ನ ಸಂವಿಧಾನದ ಹುಟ್ಟುಹಬ್ಬವನ್ನೇ ರಾಷ್ಟ್ರೀಯ ಹಬ್ಬವಾಗಿ ಆಚರಿಸುವುದನ್ನು ಕಣ್ಣಾರೆ ನೋಡಬೇಕೆಂಬುದು ನಮ್ಮ ಆಸೆಯಾಗಿತ್ತು.

ನಾರ್ವೆ ಐರೋಪ್ಯ ಒಕ್ಕೂಟದ ಸದಸ್ಯ ರಾಷ್ಟ್ರವಲ್ಲದಿದ್ದರೂ, ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶಗಳನ್ನು ಸುತ್ತಬಹುದಾದ ಷೆಂಗೆನ್ ವಲಯದೊಳಗಿದೆ. ಆದ್ದರಿಂದ ಭಾರತೀಯರಿಗೆ ಬೇಕಾಗುವುದು ಷೆಂಗೆನ್ ವೀಸಾ, ಜೊತೆಗೆ ಕನಿಷ್ಠ 30,000 ಯೂರೋಗಳ ಪ್ರವಾಸ ವಿಮೆ. ಆರು ತಿಂಗಳ ಮೊದಲೇ ಅರ್ಜಿ ಹಾಕಲು ಅವಕಾಶವಿರುವುದರಿಂದ ಕೊನೆಯ ಗಳಿಗೆಯವರೆಗೆ ಕಾಯಬೇಡಿ. ಖರ್ಚೆಲ್ಲ ಕ್ರೋನ್‌ಗಳಲ್ಲಿ, ಬಹುಪಾಲು ಕಾರ್ಡಿನಲ್ಲೇ. ಆದರೂ ಒಂದು ಕ್ರೋನ್‌ನ ನಾಣ್ಯವೊಂದು ಕೈಗೆ ಸಿಕ್ಕರೆ ಇಟ್ಟುಕೊಳ್ಳಿ. ಅದರ ನಡುವೆ ತೂತಿದೆ. ತೂತಿನ ಸುತ್ತ 1991ರಲ್ಲಿ ಪಟ್ಟಕ್ಕೆ ಬಂದ ಐದನೆಯ ಹಾರಾಲ್ಡ್ ದೊರೆಯ ಹೆಸರಿನ ಮುದ್ರೆ ಶಿಲುಬೆಯಾಕಾರದಲ್ಲಿದೆ.

ಹಬ್ಬದ ದಿನ ನಾವು ಮಾಡಿದ ತಪ್ಪು ಎರಡು. ಮೇ 17 ಸಾರ್ವತ್ರಿಕ ರಜೆ ಎಂಬುದು ಗೊತ್ತಿದ್ದರೂ ದಿನಸಿ ಅಂಗಡಿಗಳು ಮುಚ್ಚಿರುತ್ತವೆ ಎಂಬುದು ತಲೆಗೆ ಹೊಳೆದಿರಲಿಲ್ಲ. ಬ್ರೆಡ್ಡು, ಮೊಸರು, ಹಣ್ಣುಗಳನ್ನು 16ರಂದೇ ತಂದಿಟ್ಟುಕೊಳ್ಳಿ; ಇಲ್ಲವಾದರೆ ನಮ್ಮಂತೆ ಮಧ್ಯಾಹ್ನದವರೆಗೆ ಐಸ್‌ಕ್ರೀಮಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಕಾದೀತು. ಎರಡನೆಯ ತಪ್ಪು, ಮೆರವಣಿಗೆ ನೋಡಲು ರಾಜಧಾನಿ ಓಸ್ಲೊದ ಸಂಸತ್ ಭವನದ ಎದುರು ತಡವಾಗಿ ಹೋಗಿ ನಿಂತದ್ದು. ಎತ್ತರದ ಆಳುಗಳ ಬೆನ್ನುಗಳ ನಡುವೆ ನಮಗೆ ಕಂಡದ್ದು ಬಾವುಟಗಳ ತುದಿ ಮಾತ್ರ. ಕಾರ್ಲ್ ಯೂಹಾನ್ ಬೀದಿಯ ಮೇಲ್ತುದಿಯಲ್ಲಿರುವ ಅರಮನೆಯ ಮುಂದಿನ ಬಯಲಿಗೆ ಬೆಳಿಗ್ಗೆ ಒಂಬತ್ತರೊಳಗೆ ಸೇರಿಕೊಂಡರೆ ಒಳ್ಳೆಯದು. ಬೆಳಗಿನ ಚಳಿಗೆ ಸ್ವೆಟರ್, ಮಳೆಗೆ ಕೊಡೆ ಎರಡೂ ಬೇಕು.

ಕೊನೆಗೂ ನಾವು ಆ ಬಯಲು ತಲುಪಿದಾಗ ಮೆರವಣಿಗೆ ಅರ್ಧ ಮುಗಿದಿತ್ತು. ಫಿರಂಗಿಯಾಗಲಿ ಟ್ಯಾಂಕಾಗಲಿ ಕಾಣಲಿಲ್ಲ. ಶಾಲೆಯ ಮೇಲೆ ಶಾಲೆಯಾಗಿ ಮಕ್ಕಳು, ಅವರ ಹಿಂದೆ ತುತ್ತೂರಿ ಡೋಲುಗಳ ವಾದ್ಯತಂಡ. ಮಾಳಿಗೆಯ ಮೊಗಸಾಲೆಯಲ್ಲಿ ರಾಜಮನೆತನದವರು ಗಂಟೆಗಟ್ಟಲೆ ನಿಂತು ಒಂದೊಂದು ಶಾಲೆಗೂ ಕೈಬೀಸುತ್ತಾರೆ. ನಮ್ಮ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಬುನಾದ್ ಎಂಬ ಸಾಂಪ್ರದಾಯಿಕ ಉಡುಪು ಧರಿಸಿದ್ದರು. ಎದೆಯ ಮೇಲೆ ಬೆಳ್ಳಿಯ ಪದಕ, ಅದರಿಂದ ಇಳಿಬಿದ್ದ ಹತ್ತಾರು ಪುಟ್ಟ ಬಿಲ್ಲೆಗಳು. ಮೊಮ್ಮಗಳ ಶಾಲೆ ಬಂದೊಡನೆ ಅವರು ಕುಣಿದಾಡಿದಾಗ ಆ ಬಿಲ್ಲೆಗಳು ಕಿಣಿಕಿಣಿ ಎಂದವು. ಬುನಾದ್‌ನ ಬಣ್ಣ, ಕಸೂತಿಗಳು ಸೀಮೆಯಿಂದ ಸೀಮೆಗೆ ಬದಲಾಗುತ್ತವೆ. ‘ಯಾವ ಊರಿನದು?’ ಎಂದು ಕೇಳಿದರೆ ಮಾತು ತಾನಾಗಿ ಬೆಳೆಯುತ್ತದೆ. ನಮಗೆ ದೊರೆತ ಅತ್ಯುತ್ತಮ ಮಾರ್ಗದರ್ಶಿ ಈ ಒಂದು ಪ್ರಶ್ನೆಯೇ.

ಅರಮನೆಯ ಒಳಭಾಗವನ್ನು ನೋಡಲೇಬೇಕೆಂದರೆ ಮೇ ತಿಂಗಳು ಸರಿಯಲ್ಲ, ಏಕೆಂದರೆ ಸಾರ್ವಜನಿಕರಿಗೆ ಪ್ರವೇಶ ಬೇಸಿಗೆಯಲ್ಲಿ ಮಾತ್ರ. ಉದ್ಯಾನಕ್ಕೆ ಮಾತ್ರ ಸುತ್ತುಗೋಡೆಯಿಲ್ಲ. ಸಂಜೆ ನಾಯಿಯನ್ನು ತಿರುಗಾಡಿಸುವವರು ಅರಮನೆಯ ಪಕ್ಕದಲ್ಲೇ ನಡೆದುಹೋಗುತ್ತಿರುತ್ತಾರೆ. 1973ರ ತೈಲ ಬಿಕ್ಕಟ್ಟಿನಲ್ಲಿ ವಾರಾಂತ್ಯದ ಕಾರು ಸಂಚಾರಕ್ಕೆ ನಿಷೇಧ ಬಿದ್ದಾಗ ಐದನೆಯ ಓಲಾವ್ ದೊರೆ ಹಿಮಜಾರಾಟಕ್ಕೆ ರೈಲಿನಲ್ಲೇ ಹೋಗಿ, ಟಿಕೆಟ್ಟಿಗೆ ಹಣ ಕೊಡಲು ಮುಂದಾದರಂತೆ ಎಂಬ ಕಥೆಯನ್ನು ಓದಿದ್ದೆ. ಈ ಉದ್ಯಾನದಲ್ಲಿ ಅರ್ಧ ಗಂಟೆ ಕುಳಿತ ಮೇಲೆ ಅದು ಅತಿಶಯವೆನಿಸಲಿಲ್ಲ.

ಸಂವಿಧಾನ ಹುಟ್ಟಿದ ಐಡ್ಸ್‌ವೊಲ್‌ಗೆ ಮರುದಿನ ಹೋದೆವು. ಓಸ್ಲೊದಿಂದ ಉತ್ತರಕ್ಕೆ ಸುಮಾರು ಒಂದು ಗಂಟೆಯ ರೈಲು ದಾರಿ, ವಿಮಾನ ನಿಲ್ದಾಣ ದಾಟಿದ ಮೇಲೆ. ಇಲ್ಲಿ ಎಚ್ಚರ: ಸಂವಿಧಾನ ಭವನಕ್ಕೆ ಹತ್ತಿರವಾದದ್ದು ಐಡ್ಸ್‌ವೊಲ್ ವೆರ್ಕ್ ನಿಲ್ದಾಣ; ನಾವು ಹೆಸರಿಗೆ ಮೋಸಹೋಗಿ ಮುಂದಿನ ಐಡ್ಸ್‌ವೊಲ್‌ನಲ್ಲಿ ಇಳಿದು ಹಿಂದಿರುಗಬೇಕಾಯಿತು. ಕಬ್ಬಿಣದ ಕಾರ್ಖಾನೆಯ ಒಡೆಯನೊಬ್ಬನ ಬಿಳಿಯ ಮನೆಯದು. ಡೆನ್ಮಾರ್ಕಿನ ಅಧೀನದಿಂದ ಸ್ವೀಡನ್ನಿನ ಕೈಗೆ ನಾಡು ಜಾರುತ್ತಿದ್ದ ಆ ಕೆಲವೇ ವಾರಗಳಲ್ಲಿ 112 ಪ್ರತಿನಿಧಿಗಳು ಅಲ್ಲಿನ ಸಾದಾ ಮರದ ಬೆಂಚುಗಳ ಮೇಲೆ ಕುಳಿತು ಸಂವಿಧಾನ ಬರೆದರು. ಅದರಲ್ಲಿ ಯಹೂದಿಗಳಿಗೆ ದೇಶ ಪ್ರವೇಶವನ್ನೇ ನಿಷೇಧಿಸಿದ ಕಲಮೂ ಇತ್ತು, 1851ರವರೆಗೆ. ಹಬ್ಬದ ಬಾವುಟಗಳ ನಡುವೆ ಇದನ್ನೂ ನೆನೆಯಬೇಕು.

ಸ್ವೀಡನ್ನಿನ ಸಂಬಂಧ ಕಡಿದದ್ದು 1905ರಲ್ಲಿ. ಆಗ ಸಿಂಹಾಸನಕ್ಕೆ ಕರೆ ಬಂದ ಡೆನ್ಮಾರ್ಕಿನ ರಾಜಕುಮಾರ ಕಾರ್ಲ್, ಜನಮತ ಗಣನೆ ನಡೆಯದೆ ಬರುವುದಿಲ್ಲವೆಂದ. ಮತ ಹಾಕಿದವರಲ್ಲಿ ನೂರಕ್ಕೆ ಸುಮಾರು 79 ಮಂದಿ ಒಪ್ಪಿದ ಮೇಲೆ ಏಳನೆಯ ಹೋಕನ್ ಎಂಬ ಹೆಸರಿನಿಂದ ದೊರೆಯಾದ.

ಆತನ ಪಟ್ಟಾಭಿಷೇಕ 1906ರಲ್ಲಿ ನಡೆದದ್ದು ಟ್ರೋನ್‌ಹೈಮ್‌ನ ನಿಡರೋಸ್ ಕೆಥೆಡ್ರಲ್‌ನಲ್ಲಿ. ಓಸ್ಲೊದಿಂದ ರೈಲಿನಲ್ಲಿ ಏಳು ಗಂಟೆಯ ಆಸುಪಾಸು. ಡೋವ್ರೆ ಬೆಟ್ಟಗಳ ಮೇಲೆ ಮೇ ತಿಂಗಳಲ್ಲೂ ಹಿಮ ಕಾಣುವುದರಿಂದ ಹಗಲಿನ ರೈಲನ್ನೇ ಹಿಡಿಯಿರಿ. ಹೋಕನ್‌ನ ಪಟ್ಟಾಭಿಷೇಕವಾದ ಎರಡು ವರ್ಷಗಳ ಬಳಿಕ ಪಟ್ಟಾಭಿಷೇಕದ ಕಲಮನ್ನೇ ಸಂವಿಧಾನದಿಂದ ತೆಗೆದುಹಾಕಲಾಯಿತು. ಅನಂತರದ ಇಬ್ಬರು ದೊರೆಗಳೂ, 1958ರಲ್ಲಿ ಮತ್ತು 1991ರಲ್ಲಿ, ಅದೇ ಕೆಥೆಡ್ರಲ್‌ನಲ್ಲಿ ಪಡೆದದ್ದು ಆಶೀರ್ವಾದ ಮಾತ್ರ. 1818ರಲ್ಲಿ ತಯಾರಾದ ಕಿರೀಟ ಪಕ್ಕದ ಆರ್ಚ್‌ಬಿಷಪ್ ಅರಮನೆಯಲ್ಲಿ ಗಾಜಿನ ಹಿಂದಿದೆ. ಕೆಥೆಡ್ರಲ್ಲಿಗೂ ಕಿರೀಟಕ್ಕೂ ಸೇರಿ ಒಟ್ಟು ಟಿಕೆಟ್ ಕೊಂಡರೆ ಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗ.