ಕಾಲು ಬಂದ ಕುಟ್ಟಾಣಿ

ಲಾಸ್ ಏಂಜಲೀಸ್ ಅಂದ್ರೆ ಹಾಲಿವುಡ್ ಅಂದುಕೊಂಡಿದ್ದ ಅಮ್ಮನನ್ನು ಓಲ್ವೆರಾ ಬೀದಿಗೆ ಕರೆದುಕೊಂಡು ಹೋದೆ. ಯೂನಿಯನ್ ಸ್ಟೇಷನ್‌ನಲ್ಲಿ ಇಳಿದು ರಸ್ತೆ ದಾಟಿದರೆ ಸಾಕು. ಗಾಡಿ ಬಿಡದ ಗಿಡ್ಡ ಬೀದಿ. ಚರ್ಮದ ಚಪ್ಪಲಿ, ಬೊಂಬೆ, ಬಣ್ಣದ ಕಾಗದದ ತೋರಣ.

"ಜಾತ್ರೆ ಇದ್ದ ಹಾಗಿದೆಯಲ್ಲೋ!"

ಒಂದು ಅಂಗಡಿ ಮುಂದೆ ನಿಂತೇಬಿಟ್ಟಳು. ಮೂರು ಕಾಲಿನ ಕಪ್ಪು ಕಲ್ಲು. ಮೆಕ್ಸಿಕೋದವರು ಮೋಲ್ಕಹೇತೆ ಅನ್ನುತ್ತಾರೆ. "ನಮ್ಮ ಕುಟ್ಟಾಣಿಗೆ ಕಾಲು ಬಂದಿದೆ ನೋಡು," ಅಂದಳು. ಕೊಳ್ಳುವ ಮಾತು ಬರುವ ಮೊದಲೇ ಮುಂದೆ ನಡೆಸಿದೆ.

ಇದೇ ಬೀದಿಯಲ್ಲಿ ಅವಿಲಾ ಎಂಬವರ ಹಳೇ ಮನೆಯಿದೆ, ಕಟ್ಟಿದ್ದು 1818ರಲ್ಲಿ. ಈ ಊರಲ್ಲಿ ಉಳಿದಿರುವ ಮನೆಗಳಲ್ಲಿ ಇದೇ ಹಳೆಯದು. ಹಸಿ ಇಟ್ಟಿಗೆಯ ದಪ್ಪ ಗೋಡೆ. ಅಮ್ಮ ಒಳಗೆ ಕಾಲಿಟ್ಟವಳೇ, "ಅಜ್ಜಿ ಮನೆ ಹೀಗೇ ತಣ್ಣಗಿರ್ತಿತ್ತು" ಅಂದಳು. 1928ರಲ್ಲಿ ಇದನ್ನು ಕೆಡವಬೇಕೆಂದು ನೋಟಿಸ್ ಅಂಟಿಸಿದ್ದರಂತೆ. ಕ್ರಿಸ್ಟೀನ್ ಸ್ಟರ್ಲಿಂಗ್ ಎಂಬಾಕೆ ಹಠ ಹಿಡಿದು ಉಳಿಸಿದಳು. ಬೀದಿ ರಿಪೇರಿಗೆ ಜೈಲಿನ ಕೈದಿಗಳು ಬಂದರು. ಪೊಲೀಸರು ಒಬ್ಬ ಗಾರೆಯವನನ್ನೂ ಒಬ್ಬ ಪ್ಲಂಬರನ್ನೂ ಹಿಡಿಯಲಿ ಅಂತ ದಿನಾ ರಾತ್ರಿ ಬೇಡಿಕೊಳ್ಳುತ್ತಿದ್ದೇನೆ ಎಂದು ಆಕೆ ಡೈರಿಯಲ್ಲಿ ಬರೆದುಕೊಂಡಿದ್ದಾಳೆ! ಅಮ್ಮನಿಗೆ ನಗು ತಡೆಯಲಾಗಲಿಲ್ಲ.

1930ರ ಈಸ್ಟರ್ ದಿನ ಈ ಬೀದಿಯಲ್ಲಿ ಮೆಕ್ಸಿಕನ್ ಪೇಟೆ ಶುರುವಾಯಿತು. ಪ್ರವಾಸಿಗರಿಗೆ ಬೇಕಾದ ಮೆಕ್ಸಿಕೋ, ಹಾಡು, ಹೂವು, ಸಂಭ್ರಮ. ಮುಂದಿನ ಫೆಬ್ರವರಿಯಲ್ಲೇ ಪಕ್ಕದ ಪ್ಲಾಜಾ ಚೌಕದಲ್ಲಿ ವಲಸೆ ಅಧಿಕಾರಿಗಳು ಸುಮಾರು ನಾನೂರು ಜನರನ್ನು ಸುತ್ತುವರಿದು ಕಾಗದ ಪತ್ರ ಕೇಳಿದರು. ಆಗ ದೇಶದಲ್ಲಿ ಕೆಲಸ ಇರಲಿಲ್ಲ, ಬೈಗುಳವೆಲ್ಲ ಮೆಕ್ಸಿಕನ್ನರಿಗೆ. ಪೇಟೆ ಬೇಕು, ಜನ ಬೇಡ. ನನಗಂತೂ ಹಾಗೇ ಅನ್ನಿಸಿತು.

1932ರಲ್ಲಿ ಇಲ್ಲೇ ಒಂದು ಗೋಡೆ ಮೇಲೆ 'ಉಷ್ಣವಲಯದ ಅಮೆರಿಕ' ಅನ್ನೋ ಚಿತ್ರ ಬರೆಯಲು ಮೆಕ್ಸಿಕೋದ ಚಿತ್ರಕಾರ ಡೇವಿಡ್ ಸಿಕೇರೋಸ್‌ಗೆ ಹೇಳಿದರು. ಗಿಳಿ, ಹಣ್ಣು, ಬಾಳೆ ಬರುತ್ತೆ ಅಂದುಕೊಂಡಿದ್ದರೋ ಏನೋ. ಆತ ಶಿಲುಬೆಗೆ ಕಟ್ಟಿದ ಒಬ್ಬ ಮೂಲನಿವಾಸಿಯನ್ನು ಬರೆದ, ಅವನ ತಲೆ ಮೇಲೆ ಅಮೆರಿಕದ ಹದ್ದು ಕೂರಿಸಿದ. ಬೀದಿಗೆ ಕಾಣುತ್ತಿದ್ದ ಭಾಗಕ್ಕೆ ಬೇಗನೇ ಬಿಳಿ ಬಣ್ಣ ಬಳಿದರು, ಆಮೇಲೆ ಪೂರ್ತಿಗೂ. 2012ರಿಂದ ಮತ್ತೆ ನೋಡಲು ಬಿಟ್ಟಿದ್ದಾರೆ.

ಅಟ್ಟಣೆ ಮೇಲಿಂದ ನೋಡಿದೆವು. ಎಲ್ಲ ಮಾಸಿ ಹೋಗಿದೆ.

"ಒಂದು ಕೋಟು ಬಣ್ಣ ಹೊಡೆಸಬಾರದಿತ್ತಾ?"

"ಉಳಿದ ಹಳೇ ಫೋಟೋ ಎಲ್ಲ ಕಪ್ಪು ಬಿಳುಪು ಅಮ್ಮಾ. ಯಾವ ಬಣ್ಣ ಅಂತ ಹೊಡೆಸೋದು?"

"ಹಾಗಾದ್ರೆ ಬಿಡು, ಇದೇ ವಾಸಿ."

ಟಕಿಟೋ ಅನ್ನೋ ಕರಿದ ರೊಟ್ಟಿ ಸುರುಳಿಯಲ್ಲಿ ದನದ ಮಾಂಸ ಇತ್ತು, ಅದಕ್ಕೇ ಚುರೋ ಅನ್ನೋ ಕರಿದ ಸಿಹಿ ತಿಂದು ಹೊರಟೆವು. ವಾಪಸ್ ಬರುವಾಗ ಅದೇ ಅಂಗಡಿ ಸಿಕ್ಕಿತಲ್ಲ! ನಾಲ್ಕು ಕೆಜಿ ಕುಟ್ಟಾಣಿ ಈಗ ಅಮ್ಮನ ಸೂಟ್‌ಕೇಸ್‌ನಲ್ಲಿದೆ. ಸೀರೆಗಳು ನನ್ನ ಬ್ಯಾಗಿಗೆ ಬಂದಿವೆ.